ಕಾಕಾ ಹಿಗ್ಗಿಸಿದ ಲಕ್ಸೆಂಬರ್ಗ್

ಲಕ್ಸೆಂಬರ್ಗ್ ಎಂಬ ದೇಶದ ವಿದೇಶಾಂಗ ಮಂತ್ರಿಗಳು ಮೆಲ್ಬರ್ನಿನ ಕ್ರಾನ್‌ಬರ್ನ್‌ನಲ್ಲಿ ಬನಿಯನ್ ಹಾಕಿಕೊಂಡು, ಚುರುಮುರಿ ತಿನ್ನುತ್ತ ಕೂತಿದ್ದಾರೆ ಎಂದರೆ ನೀವು ನಂಬುವುದಿಲ್ಲ. ನಿಮ್ಮ ತಪ್ಪಲ್ಲ ಬಿಡಿ, ಈ ವಿಷಯ ಖುದ್ದು ಲಕ್ಸೆಂಬರ್ಗಿಗೇ ಇನ್ನೂ ಗೊತ್ತಿಲ್ಲ! ಗೊತ್ತಾದರೆ ಮಾಲೆ ಹಾಕಿ ಕರೆದುಕೊಂಡು ಹೋಗುತ್ತಾರೋ, ಕೈಕೋಳ ಹಾಕಿ ಕರೆದುಕೊಂಡು ಹೋಗುತ್ತಾರೋ ಹೇಳುವುದು ಕಷ್ಟ. ಯಾಕೆಂದರೆ ಯಾರ ಅಪ್ಪಣೆಯನ್ನೂ ಕೇಳದೆ ಆ ದೇಶದ ಗಡಿಯನ್ನು ಹಿಗ್ಗಿಸಿ, ಪಕ್ಕದ ಜರ್ಮನಿಯ ನಾಲ್ಕಾರು ಊರುಗಳನ್ನು ಒಳಗೆ ಹಾಕಿಕೊಂಡು, ಅಲ್ಲಿ ರೈಲು ಓಡಿಸಿ, ಚುನಾವಣೆ ನಡೆಸಿ, ಶನಿವಾರ ಶನಿವಾರ ಸಂತೆ ಕೂಡಿಸುತ್ತಿರುವ ಈ ಮಹಾನುಭಾವರು ಬೇರೆ ಯಾರೂ ಅಲ್ಲ, ನಮ್ಮ ಕಾಕಾ. ನಮ್ಮಪ್ಪನ ಖಾಸಾ ತಮ್ಮ.

ಇದೆಲ್ಲ ನಡೆಯುವುದು ಕಾಕಾನ ಊಟದ ಮೇಜಿನ ಮೇಲೆ. ಊಟದ ಮೇಜು ಎಂದು ಹೆಸರಿಗೆ ಕರೆಯುತ್ತೇವೆ ಅಷ್ಟೆ. ಅದರ ಮೇಲೆ ಊಟ ಬಡಿಸಿದ್ದನ್ನು ನೋಡಿದವರು ನಮ್ಮ ಬಳಗದಲ್ಲಿ ಯಾರೂ ಇಲ್ಲ. ಅಲ್ಲಿ ಯುರೋಪು ಹಾಸಿಕೊಂಡು ಬಿದ್ದಿದೆ. ಕಾಕಾನ ಹೆಂಡತಿ, ನಮ್ಮ ಕಾಕು, ಪಾಪ, ಅಡಿಗೆ ಕಟ್ಟೆಯ ಪಕ್ಕದ ಎರಡು ಸ್ಟೂಲುಗಳ ಮೇಲೆ ಇಷ್ಟು ವರ್ಷ ಸಂಸಾರ ತೂಗಿಸಿದ್ದಾರೆ.

ಕಾಕಾ ಬೆಳಗಾವಿಯವರು. ಇಷ್ಟು ಹೇಳಿದ ಕೂಡಲೆ ಎಲ್ಲರೂ "ಓಹೋ" ಎಂದು ತಲೆಯಾಡಿಸುತ್ತಾರೆ. ಬೆಳಗಾವಿಯವರಿಗೆ ಗಡಿಯ ಚಿಂತೆ ಇರದೆ ಇನ್ನಾರಿಗೆ ಇರಬೇಕು ಎಂಬ ಅರ್ಥದ ತಲೆಯಾಟ ಅದು. ಆದರೆ ನಮ್ಮೂರಿನ ಗಡಿಯ ಮಾತೆತ್ತಿದರೆ ಕಾಕಾ ಕೈ ಮುಗಿದು ಎದ್ದುಬಿಡುತ್ತಾರೆ. "ಅದನ್ನ ಮಾತಾಡ್ಲಿಕ್ಕೆ ಊರ ತುಂಬ ಮಂದಿ ಅದಾರವಾ. ಪಾಪ, ಲಕ್ಸೆಂಬರ್ಗಿಗೆ ಯಾರದಾರ?" ಎನ್ನುತ್ತಾರೆ. ಪ್ರಶ್ನೆ ಸರಿಯಾದದ್ದೇ. ಲಕ್ಸೆಂಬರ್ಗಿಗೆ ಯಾರಿದ್ದಾರೆ?

ಈ ಹುಚ್ಚು ಹತ್ತಿದ್ದು ಹೇಗೆ ಎಂದರೆ, ಆಸ್ಟ್ರೇಲಿಯಾಕ್ಕೆ ಬಂದ ಹೊಸತರಲ್ಲಿ ಕಾಕಾ ಹಳೆಯ ಸಾಮಾನು ಮಾರುವ ಅಂಗಡಿಯಿಂದ ಒಂದು ಅಟ್ಲಾಸ್ ತಂದರಂತೆ. ಯುರೋಪಿನ ಪುಟ ತೆಗೆದು ನೋಡಿದರೆ ಈ ಲಕ್ಸೆಂಬರ್ಗ್ ಎಂಬುದು ಅಕ್ಕಿಕಾಳಿನಷ್ಟು. ತನ್ನ ಹೆಸರು ತನ್ನೊಳಗೇ ಹಿಡಿಸದಷ್ಟು ಸಣ್ಣದು! ಹೆಸರಿನ ಮೊದಲ ಅಕ್ಷರ ಮಾತ್ರ ದೇಶದ ಒಳಗೆ, ಉಳಿದವೆಲ್ಲ ಜರ್ಮನಿಯ ಮೇಲೆ ಚೆಲ್ಲಿಕೊಂಡಿದ್ದವು. ನಮ್ಮ ನಿಮ್ಮಂಥವರು ಪುಟ ತಿರುಗಿಸುತ್ತಿದ್ದೆವು. ಕಾಕಾನ ಕರುಳು ಚುರ್ ಎಂದಿತು. ತನ್ನ ಹೆಸರು ಬರೆದುಕೊಳ್ಳುವಷ್ಟಾದರೂ ಜಾಗ ಒಂದು ದೇಶಕ್ಕೆ ಬೇಡವೇ?

ಹುಡುಕಿ ಓದಿದ ಮೇಲೆ ಇನ್ನೂ ಬೇಜಾರಾಯಿತಂತೆ. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿ ಈ ಪುಟ್ಟ ದೇಶವನ್ನು ಇಡಿಯಾಗಿ ನುಂಗಿತ್ತು. ಯುದ್ಧ ಮುಗಿದ ಮೇಲೆ, ನಮಗಾದ ಅನ್ಯಾಯಕ್ಕೆ ಬದಲಾಗಿ ಜರ್ಮನಿಯ ಒಂದು ಪಟ್ಟಿ ನಮಗೆ ಕೊಡಿ ಎಂದು ಲಕ್ಸೆಂಬರ್ಗ್ ಕೇಳಿತು. ಸಿಕ್ಕಿದ್ದು ಒಂದು ತುಂಡು ಕಾಡು. ಕೆಲವು ವರ್ಷ ಇಟ್ಟುಕೊಂಡು, ಅದನ್ನೂ ಮರ್ಯಾದೆಯಿಂದ ವಾಪಸ್ ಕೊಟ್ಟುಬಿಟ್ಟಿತು. "ಬಂದದ್ದನ್ನ ಯಾರರ ತಿರುಗಿ ಕೊಡ್ತಾರೇನವಾ?" ಎಂದು ಕಾಕಾ ನನ್ನನ್ನು ಈಗಲೂ ಕೇಳುತ್ತಾರೆ, ಕೊಟ್ಟವಳು ನಾನೇ ಎಂಬಂತೆ. ಅಂದೇ ಪೆನ್ಸಿಲ್ ಕೈಗೆ ತೆಗೆದುಕೊಂಡವರು ಇನ್ನೂ ಕೆಳಗಿಟ್ಟಿಲ್ಲ. ಕೊಡದೇ ಇದ್ದಿದ್ದರೆ ಏನಾಗುತ್ತಿತ್ತು? ಕೇಳಿದ್ದಷ್ಟೂ ಸಿಕ್ಕಿದ್ದರೆ ಏನಾಗುತ್ತಿತ್ತು? ಟ್ರಿಯರ್ ಎಂಬ ಪಟ್ಟಣ ಒಳಗೆ ಬಂದರೆ ಅಲ್ಲಿನವರು ಯಾರಿಗೆ ಓಟು ಹಾಕುತ್ತಾರೆ? ಬಿಟ್‌ಬುರ್ಗ್ ಎಂಬಲ್ಲಿಂದ ರಾಜಧಾನಿಗೆ ರೈಲು ಯಾವ ಹಳ್ಳದ ದಂಡೆಯ ಮೇಲೆ ಹೋಗಬೇಕು? ಹೊಸ ಹೊಸ ಸಬರ್ಬ್‌ಗಳಿಗೆ ರಸ್ತೆ, ಸೈಟು, ಚರಂಡಿಗಳ ಪ್ಲಾನ್ ಬಿಡಿಸುವುದೇ ಕಾಕಾನ ನೌಕರಿಯಾಗಿದ್ದರಿಂದ ಕೈಗೆ ಅಭ್ಯಾಸವೂ ಇತ್ತು. ಹಗಲೆಲ್ಲ ಕ್ರಾನ್‌ಬರ್ನ್ ಹಿಗ್ಗಿಸಿ, ಸಂಜೆ ಬಂದು ಲಕ್ಸೆಂಬರ್ಗ್ ಹಿಗ್ಗಿಸುತ್ತಿದ್ದರು. ರಿಟೈರ್ ಆದ ಮೇಲೆ ಲಕ್ಸೆಂಬರ್ಗಿನದು ಫುಲ್ ಟೈಮ್ ಆಯಿತು.

ಹೊಸಬರು ಇದನ್ನು ತಿಳಿಯದೆ ಸಿಕ್ಕಿಹಾಕಿಕೊಳ್ಳುತ್ತಾರೆ. ಒಮ್ಮೆ ಯಾರದೋ ಗೃಹಪ್ರವೇಶದ ಊಟದಲ್ಲಿ, ಬೆಂಗಳೂರಿನಿಂದ ಆಗಷ್ಟೇ ಬಂದಿದ್ದ ಐಟಿ ಹುಡುಗನೊಬ್ಬ ಸೌಜನ್ಯಕ್ಕೆಂದು, "ಅಂಕಲ್, ರಿಟೈರ್ ಆದ್ಮೇಲೆ ಟೈಮ್ ಪಾಸ್ ಹೇಗೆ?" ಎಂದು ಕೇಳಿಬಿಟ್ಟ. ಕೇಳಬಾರದಿತ್ತು. ಕಾಕಾ ಅವನ ಕೈ ಹಿಡಿದು ಊಟದ ಸಾಮಾನುಗಳ ಮುಂದೆ ಕರೆದೊಯ್ದರು. ಚಿತ್ರಾನ್ನದ ದೊಡ್ಡ ತಟ್ಟೆ ಜರ್ಮನಿಯಾಯಿತು. ಪಲ್ಯದ ಪಾತ್ರೆ ಫ್ರಾನ್ಸ್, ಮೊಸರು ಬೆಲ್ಜಿಯಂ. ನಡುವೆ ಉಪ್ಪಿನಕಾಯಿಯ ಬಟ್ಟಲು ಲಕ್ಸೆಂಬರ್ಗ್. "ಈಗ ನೋಡು ತಮ್ಮಾ" ಎಂದು ಕಾಕಾ ಆ ಬಟ್ಟಲನ್ನು ಮೆಲ್ಲಗೆ ಚಿತ್ರಾನ್ನದೊಳಗೆ ಒತ್ತಿದರು. ಜರ್ಮನಿ ಸ್ವಲ್ಪ ಕೆಳಗೆ ಚೆಲ್ಲಿತು. ಹಿಂದೆ ಸಾಲು ಬೆಳೆಯುತ್ತಿತ್ತು. ತಟ್ಟೆ ಹಿಡಿದ ಆಂಟಿಯೊಬ್ಬರು, "ಸ್ವಲ್ಪ ಉಪ್ಪಿನಕಾಯಿ ತಗೊಳ್ಳಾ?" ಎಂದು ಕೈ ಮುಂದೆ ಮಾಡಿದರು.

"ತಡೀರಿ, ಇನ್ನೂ ಒಪ್ಪಂದ ಆಗಿಲ್ಲ!" ಎಂದರು ಕಾಕಾ.

ಆ ಹುಡುಗ ಈಗ ಅಡಿಲೇಡಿನಲ್ಲಿದ್ದಾನೆ. ಕೆಲಸ ಸಿಕ್ಕಿ ಹೋದ ಎನ್ನುತ್ತಾರೆ. ಇರಬಹುದು.

ನಮ್ಮ ಸಿಡ್ನಿಯೂ ಇದರಿಂದ ತಪ್ಪಿಸಿಕೊಂಡಿಲ್ಲ. ಕಾಕಾ, ಕಾಕು ನಮ್ಮ ಮನೆಗೆ ಬಂದಾಗ ಒಂದು ದಿನ ಮೆಟ್ರೋ ಹತ್ತಿ ಮ್ಯಾಕ್ವೆರಿ ಪಾರ್ಕಿನ ನನ್ನ ಆಫೀಸು ನೋಡಲು ಬಂದರು. ನನ್ನ ಟೀಮಿನಲ್ಲಿ ಜರ್ಮನಿಯವನೊಬ್ಬನಿದ್ದಾನೆ. ಸಾಧು ಮನುಷ್ಯ, ತಾನಾಯಿತು ತನ್ನ ಕಂಪ್ಯೂಟರಾಯಿತು. ಊಟಕ್ಕೆ ಕೂತಾಗ ಪರಿಚಯ ಮಾಡಿಸಿದೆ. ಕಾಕಾ ಎದ್ದು ನಿಂತು, ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ತಮ್ಮ ಬೆಳಗಾವಿ ಇಂಗ್ಲಿಷಿನಲ್ಲಿ, ನಿಮ್ಮ ದೇಶದ ಒಂದಿಷ್ಟು ಜಾಗ ನಾನು ತೆಗೆದುಕೊಂಡಿದ್ದೇನೆ, ದಯವಿಟ್ಟು ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಹೇಳಿದರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅವನು ಮಾತ್ರ ಗಾಬರಿಯಾಗದೆ, ಯಾವ ಭಾಗ ಎಂದು ಕೇಳಿದ. ಕಾಕಾ ಪೇಪರ್ ನ್ಯಾಪ್ಕಿನ್ ಮೇಲೆ ಬಿಡಿಸಿ ತೋರಿಸಿದರು. ಅವನು ಬಹಳ ಹೊತ್ತು ನೋಡಿದ. ಆಮೇಲೆ ಒಂದು ಮೂಲೆಯಲ್ಲಿ ಬೆರಳಿಟ್ಟು, ಇಲ್ಲಿ ನಮ್ಮಜ್ಜಿಯ ಮನೆಯಿದೆ, ನಾವು ಗಡಿಯ ಆ ಕಡೆ, ಹಾಗಾದರೆ ಭಾನುವಾರ ಅಜ್ಜಿಯನ್ನು ನೋಡಲು ನಮಗೆ ಪಾಸ್‌ಪೋರ್ಟ್ ಬೇಕಾಗುತ್ತದೆಯೇ ಎಂದು ವಿಚಾರಿಸಿದ.

ಕಾಕಾ ದಂಗಾದರು. ರೈಲು, ಚರಂಡಿ, ಅಂಚೆ ಚೀಟಿ, ಚುನಾವಣೆ ಎಲ್ಲ ಯೋಚಿಸಿದ್ದ ಮನುಷ್ಯ ಅಜ್ಜಿಯನ್ನು ಯೋಚಿಸಿರಲಿಲ್ಲ! ಚಾಟ್ಸ್‌ವುಡ್‌ಗೆ ಕರೆದುಕೊಂಡು ಹೋಗಿ ಅಂಗಡಿ ತೋರಿಸಿದರೆ ಅಂಗಡಿಯಲ್ಲಿ ಮನಸ್ಸಿಲ್ಲ, ಐಸ್‌ಕ್ರೀಮ್ ಕೊಡಿಸಿದರೆ ಅದು ಕೈಮೇಲೆ ಕರಗಿ ಇಳಿಯುತ್ತಿದೆ. "ಮುದುಕಿ ಪಾಪ, ಭಾನುವಾರ ದಾರಿ ಕಾಯ್ಕೋತ ಕೂಡ್ತಾಳವಾ" ಎಂದು ದಾರಿಯುದ್ದಕ್ಕೂ ಅದೇ ಮಾತು. ಕೊನೆಗೆ ಮೆಲ್ಬರ್ನಿಗೆ ವಾಪಸ್ ಹೋದ ಮೇಲೆ ಫೋನ್ ಬಂತು. ಗಡಿಯಲ್ಲಿ ಹೊಸ ಕಾನೂನು ಜಾರಿಯಾಗಿದೆಯಂತೆ. ಅಜ್ಜಿಯರನ್ನು ನೋಡಲು ಬರುವವರನ್ನು ಯಾರೂ ತಡೆಯುವಂತಿಲ್ಲ, ಕೈಯಲ್ಲಿ ತಿಂಡಿ ಡಬ್ಬಿ ಇದ್ದರೆ ಸಾಕು. ಈ ಸುದ್ದಿಯನ್ನು ಜರ್ಮನಿಯವನಿಗೆ ಮುಟ್ಟಿಸಿದೆ. ಅವನು ಬಹಳ ಥ್ಯಾಂಕ್ಸ್ ಹೇಳಿದ.

ಇನ್ನು ನನ್ನ ಮಗಳ ಕಥೆ ಕೇಳಿ. ಅವಳಿಗೆ ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಸ್ಕೂಲಿನಲ್ಲಿ ಯುರೋಪಿನ ಮ್ಯಾಪ್ ಬಿಡಿಸಿಕೊಂಡು ಬರಲು ಹೇಳಿದ್ದರು. ನನಗೂ ನನ್ನ ಗಂಡನಿಗೂ ಆಫೀಸಿನ ಕೆಲಸ ತಲೆಮೇಲಿತ್ತು. ಕಾಕಾ ಅಜ್ಜ ವಿಡಿಯೋ ಕಾಲ್‌ನಲ್ಲಿ ಹೇಳಿಕೊಡುತ್ತಾರಂತೆ ಎಂದಾಗ, ಒಳ್ಳೆಯದಾಯಿತು ಎಂದುಕೊಂಡೆವು. ನಮ್ಮ ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ! ವಾರದ ನಂತರ ಟೀಚರ್ ನನ್ನನ್ನು ಪಕ್ಕಕ್ಕೆ ಕರೆದು, ಮ್ಯಾಪ್ ತುಂಬ ಅಚ್ಚುಕಟ್ಟಾಗಿದೆ, ಆದರೆ ಲಕ್ಸೆಂಬರ್ಗ್ ಸ್ವಲ್ಪ ಆರೋಗ್ಯವಾಗಿದೆ ಎಂದರು. ತಪ್ಪು ಎಂದು ತಿದ್ದಲು ಹೋದಾಗ ನನ್ನ ಮಗಳು ತಲೆಯೆತ್ತಿ ಹೇಳಿದಳಂತೆ, "ಇನ್ ಅವರ್ ಫ್ಯಾಮಿಲಿ, ಇಟ್ಸ್ ಬಿಗ್ಗರ್."

ನಮ್ಮ ಮನೆತನದಲ್ಲಿ ಅದು ದೊಡ್ಡದೇ.

ಹೋಗಲಿ, ಪರದೇಶದ ಗಡಿಗಾಗಿ ಇಷ್ಟು ಹೋರಾಡುವ ಮನುಷ್ಯ ತನ್ನ ಮನೆಯ ಗಡಿಯನ್ನು ಹೇಗೆ ಕಾದುಕೊಳ್ಳುತ್ತಾರೆ ಎಂದು ನಿಮಗೆ ಕುತೂಹಲ ಇರಬಹುದು. ಒಂದು ಸಲ ಜೋರು ಗಾಳಿಗೆ ಕಾಕಾನ ಹಿತ್ತಲಿನ ಮರದ ಬೇಲಿ ಮಲಗಿಬಿಟ್ಟಿತು. ಬೇಲಿಯಾಚೆ ಶ್ರೀಲಂಕಾದ ಆಂಟಿಯೊಬ್ಬರ ಮನೆ. ಹೊಸ ಬೇಲಿ ಹಾಕಲು ಆಳು ಬಂದ ದಿನ ಕಾಕು ಗುಡಿಗೆ ಹೋಗಿದ್ದರು. ಕಾಕಾ ಟೇಪು ಹಿಡಿದು ಎರಡೂ ಹಿತ್ತಲು ಅಳೆದು ನೋಡಿದರು. ಆಂಟಿಯದು ನಮ್ಮದಕ್ಕಿಂತ ಸಣ್ಣದು! ಸಣ್ಣದು ಎಂದ ಮೇಲೆ ಕಾಕಾನ ಕರುಳಿನ ಸಂಗತಿ ನಿಮಗೆ ಗೊತ್ತೇ ಇದೆ. ಬೇಲಿಯನ್ನು ಒಂದು ಮಾರು ನಮ್ಮ ಕಡೆಗೇ ಸರಿಸಿ ಹಾಕಿಸಿಬಿಟ್ಟರು. ಆ ಮಾರಿನೊಳಗೆ ಕಾಕುವಿನ ಕರಿಬೇವಿನ ಗಿಡವಿತ್ತು. ಮೆಲ್ಬರ್ನಿನ ಚಳಿಯಲ್ಲಿ ಕರಿಬೇವು ಬದುಕಿಸುವುದು ಎಂದರೆ ಏನೆಂದು ಅಲ್ಲಿದ್ದವರಿಗೇ ಗೊತ್ತು. ಕಾಕು ಅದಕ್ಕೆ ಚಳಿಗಾಲದಲ್ಲಿ ಹಳೆಯ ಶಾಲು ಹೊದಿಸಿ, ಮಜ್ಜಿಗೆ ಕುಡಿಸಿ, ಕೂಸಿನ ಹಾಗೆ ಬೆಳೆಸಿದ್ದರು.

"ಜರ್ಮನಿಯಿಂದ ಊರಿಗೆ ಊರೇ ಕಸಗೊಂಡು ಬರೋ ಗಂಡಸು, ನನ್ನ ಕರಿಬೇವು ದಾನ ಕೊಟ್ಟು ಬಂದಾರ ನೋಡವಾ!" ಎಂದು ಕಾಕು ಫೋನಿನಲ್ಲಿ ಹೊಯ್ಕೊಂಡರು.

"ದೊಡ್ಡವರು ಸಣ್ಣವರಿಗೆ ಕೊಡಬೇಕಾಗ್ತದ. ಅದ ನ್ಯಾಯ" ಎಂದು ಹಿಂದಿನಿಂದ ಕಾಕಾನ ದನಿ.

"ನಿಮ್ಮ ನ್ಯಾಯಕ್ಕ ಇವತ್ತು ಒಗ್ಗರಣಿ ಇಲ್ಲ, ಹಂಗ ಉಣ್ರಿ!"

ಅಂದಿನಿಂದ ಸಾರಿಗೆ ಒಗ್ಗರಣೆ ಹಾಕುವ ಮುನ್ನ ಕಾಕು ಬೇಲಿಯ ಹತ್ತಿರ ನಿಂತು ಆಂಟಿಯನ್ನು ಕೂಗುತ್ತಾರೆ. ತನ್ನದೇ ಗಿಡದ ನಾಲ್ಕು ಎಸಳು ಆಚೆಯಿಂದ ಬರುತ್ತದೆ. ಆಂಟಿ ಒಳ್ಳೆಯವರು, ಹೆಂಗಸರಿಬ್ಬರಿಗೂ ಗೆಳೆತನವಾಗಿಬಿಟ್ಟಿದೆ. ಇದಕ್ಕೂ ಕಾಕಾ ತಮ್ಮನ್ನೇ ಹೊಗಳಿಕೊಳ್ಳುತ್ತಾರೆ.

ಇಷ್ಟೆಲ್ಲ ಸಹಿಸಿಕೊಂಡ ಕಾಕುವಿಗೆ ಒಂದೇ ಒಂದು ಆಸೆ. ಲಕ್ಸೆಂಬರ್ಗ್ ನೋಡಬೇಕು. "ಇಷ್ಟ ವರ್ಷ ಒಂದ ಮನ್ಯಾಗ ಸಂಸಾರ ಮಾಡೇವಿ. ಸವತಿ ಮಾರಿ ಒಮ್ಮೆನೂ ನೋಡಬಾರದೇನು?" ಎಂದು ಕೇಳುತ್ತಾರೆ. ನ್ಯಾಯವಾದ ಬೇಡಿಕೆ ತಾನೇ? ಕಾಕಾ ಮಾತ್ರ ಸುತರಾಂ ಒಪ್ಪುವುದಿಲ್ಲ. ದೇಶದ ಮೇಲೆ ಅಷ್ಟು ಪ್ರೀತಿ ಇದ್ದವರು ದೇಶಕ್ಕೆ ಯಾಕೆ ಹೋಗುವುದಿಲ್ಲ? ಕಾರಣ ಕೇಳಿದರೆ ನೀವು ಹಣೆ ಚಚ್ಚಿಕೊಳ್ಳುತ್ತೀರಿ. "ಅಲ್ಲೆ ಹೋದ್ರ ಹಳೇ ಗಡಿನ ಅದ. ಕಣ್ಣಾರೆ ನೋಡಿಬಿಟ್ರ ನಾ ಇಷ್ಟ ದಿನ ಮಾಡಿದ್ದೆಲ್ಲಾ ಸುಳ್ಳಾಗ್ತದ" ಎಂಬುದು ಕಾಕಾನ ವಾದ. ನೋಡದೆ ಇರುವವರೆಗೆ ಟ್ರಿಯರ್ ಅವರದು. ನೋಡಿದರೆ ಹೋಯಿತು!

ಒಮ್ಮೆ ಕಾಕಾನ ಮಗನೂ ಸೊಸೆಯೂ ಸೇರಿ ಇಬ್ಬರನ್ನೂ ಯುರೋಪ್ ಟೂರಿಗೆ ಕಳಿಸಿದರು. ಪ್ಯಾರಿಸ್, ಬ್ರಸೆಲ್ಸ್, ಕಲೋನ್ ಎಂದೆಲ್ಲ ಊರುಗಳ ಪಟ್ಟಿ ನೋಡಿ ಕಾಕಾ ಒಪ್ಪಿದ್ದರು. ಆದರೆ ಬಸ್ಸಿನವನು ದಾರಿಯಲ್ಲಿ ಏನೋ ರಿಪೇರಿ ನಡೆದಿದೆ ಎಂದು ಬೇರೆ ದಾರಿ ಹಿಡಿದು, ಲಕ್ಸೆಂಬರ್ಗಿನೊಳಗೆ ನುಗ್ಗಿಸಿಬಿಟ್ಟ! ಕಾಕಾ ತಟ್ಟನೆ ತಮ್ಮ ಕಿಟಕಿಯ ಪರದೆ ಎಳೆದರು. ಕಾಕುವಿನ ಕಿಟಕಿಯ ಪರದೆಯನ್ನೂ ಎಳೆದರು. ಮುಂದಿನ ಸೀಟಿನ ಗುಜರಾತಿ ದಂಪತಿಗಳ ಪರದೆ ಎಳೆಯಲು ಹೋಗಿ ಬೈಸಿಕೊಂಡರು. ಕೊನೆಗೆ ಶಾಲು ಮುಖದ ಮೇಲೆ ಹಾಕಿಕೊಂಡು ಗೊರಕೆ ಹೊಡೆಯುವ ನಾಟಕ ಮಾಡುತ್ತ, ಒಂದು ಕೈಯಿಂದ ಕಾಕುವಿನ ಪರದೆಯನ್ನು ಭದ್ರವಾಗಿ ಹಿಡಿದುಕೊಂಡಿದ್ದರಂತೆ. ಪರದೆಯ ಸಂದಿನಲ್ಲಿ ಕಾಕುವಿಗೆ ಕಂಡದ್ದು ಒಂದು ಪೆಟ್ರೋಲ್ ಬಂಕ್.

"ಹೆಂಗಿತ್ತು ಕಾಕು?" ಎಂದು ಕೇಳಿದ್ದೆ.

"ಭಾಳ ಸ್ವಚ್ಛ ಅದ" ಎಂದರು.

ಹೀಗೆ ಪ್ರತಿ ವರ್ಷ ಕಾಕು ಕೇಳುವುದು, ಕಾಕಾ ಮುಂದಿನ ವರ್ಷ ನೋಡೋಣ ಎನ್ನುವುದು, ನಾವೆಲ್ಲ ಕಾಕುವಿನ ಪಾರ್ಟಿ ಸೇರಿ ಕಾಕಾನನ್ನು ಕಾಡುವುದು ನಡೆದೇ ಇತ್ತು. ಮಗ ಟಿಕೆಟ್ ತೆಗೆಯುತ್ತೇನೆಂದರೆ ಕಾಕಾ ಬೆನ್ನುನೋವು ತೆಗೆಯುತ್ತಿದ್ದರು. ನೀನೊಬ್ಬಳೇ ಹೋಗಿ ಬಾ ಎಂದರೆ ಕಾಕು ಒಲ್ಲೆ ಎನ್ನುತ್ತಿದ್ದರು. "ಆ ಟ್ರಿಯರ್ ಎಲ್ಲೆ, ಬಿಟ್‌ಬುರ್ಗ್ ಎಲ್ಲೆ ಅಂತ ನನಗ ತೋರಸಾವ್ರು ಯಾರು? ಇವರ ಬಾಯಿಂದನ ಕೇಳ್ಕೋತ ನೋಡಬೇಕು ನಾ" ಎನ್ನುತ್ತಿದ್ದರು. ಬೈಯುವುದು ಎಷ್ಟು ಬೈದರೂ ಕಾಕು ಆ ದೇಶದ ಒಂದೊಂದು ಊರನ್ನೂ ಬಲ್ಲವರು. ಸಂಜೆ ಸೊಪ್ಪು ಸೋಸುತ್ತ ಕೂತು ಇಷ್ಟೂ ವರ್ಷ ಕೇಳಿಸಿಕೊಂಡವರು ಅವರೊಬ್ಬರೇ.

ಈ ನಡುವೆ ಕಾಕುವಿನ ಕಾರಿಗೆ ಎಡಗಡೆ ಗೀರು ಬೀಳತೊಡಗಿತು. ಮೊದಲು ಗ್ಯಾರೇಜಿನ ಗೋಡೆಗೆ, ಆಮೇಲೆ ಅಂಗಡಿಯ ಕಂಬಕ್ಕೆ, ಆಮೇಲೆ ಮತ್ತೆ ಗ್ಯಾರೇಜಿಗೇ. ಬಾಗಿಲ ಚೌಕಟ್ಟಿಗೆ ಎಡ ಭುಜ ಬಡಿದುಕೊಳ್ಳುವುದು, ಎಡಗಡೆ ಇಟ್ಟ ಲೋಟ ಉರುಳುವುದು ಎಲ್ಲ ನಡೆಯಿತು. ನಾವು ವಯಸ್ಸಾಯಿತು ಎಂದುಕೊಂಡೆವು. ಕಾಕಾ ಮಾತ್ರ, "ನಿನಗ ಎಡಗಡಿ ಗಡಿನ ತಿಳಿಯಂಗಿಲ್ಲ ನೋಡು. ಒಂದಿಷ್ಟು ನನ್ನ ಕಡೆ ಟ್ರೇನಿಂಗ್ ತಗೋ" ಎಂದು ಚೇಷ್ಟೆ ಮಾಡುತ್ತಿದ್ದರು.

ಗಣೇಶನ ಹಬ್ಬಕ್ಕೆ ನಾವು ಸಿಡ್ನಿಯಿಂದ ಹೋಗಿದ್ದೆವು. ಕಾಕುವಿನ ಮನೆಯಲ್ಲಿ ಹಬ್ಬದ ಊಟ ಎಂದರೆ ಗ್ಯಾರೇಜಿನಲ್ಲಿ ಪಂಕ್ತಿ. ಕಾರು ಹೊರಗೆ ತೆಗೆದು, ನೆಲ ತೊಳೆದು, ಜಮಖಾನೆ ಹಾಸಿ, ಇಂಡಿಯನ್ ಅಂಗಡಿಯ ಬಾಳೆಎಲೆ ಹಾಕಿ, ಎಲ್ಲರನ್ನೂ ಸಾಲಾಗಿ ಕೂಡಿಸಿ ಕಾಕು ತಾವೇ ಬಡಿಸಬೇಕು. ಯಾರು ಸಹಾಯಕ್ಕೆ ಬಂದರೂ ಬಿಡುವುದಿಲ್ಲ. ಕಾಕುವಿನ ಪಂಕ್ತಿಯಲ್ಲಿ ಒಬ್ಬರ ಎಲೆಗೆ ಒಂದು ಪದಾರ್ಥ ತಪ್ಪಿತು ಎಂಬ ಮಾತು ಇವತ್ತಿನವರೆಗೆ ಯಾರೂ ಆಡಿಲ್ಲ. ಅಂದು ಕೋಸಂಬರಿ ಬಂತು, ಪಲ್ಯ ಬಂತು, ಕಡುಬು ಬಂತು, ತುಪ್ಪ ಬಂತು. ಎಲ್ಲರೂ ಕೈ ಹಚ್ಚಿದ ಮೇಲೆ ನೋಡುತ್ತೇವೆ, ಎಡತುದಿಯ ಎಲೆ ಖಾಲಿ! ಅದರ ಮುಂದೆ ಮಡಿ ಉಟ್ಟುಕೊಂಡು ಬೆಪ್ಪಾಗಿ ಕೂತವರು ಸಾಕ್ಷಾತ್ ಕಾಕಾ.

ಗ್ಯಾರೇಜಿನಲ್ಲಿ ನಗೆಯೋ ನಗೆ. "ಕರಿಬೇವಿನ ಸಿಟ್ಟು ಇನ್ನೂ ಆರಿಲ್ಲ!" ಎಂದರು ಒಬ್ಬರು. "ಏನಿಲ್ಲ, ನಮ್ಮ ದೇಶದ ಮ್ಯಾಲೆ ದಿಗ್ಬಂಧನ ಹಾಕ್ಯಾರ" ಎಂದು ಕಾಕಾ ಖಾಲಿ ಎಲೆಯನ್ನು ಎತ್ತಿ ತೋರಿಸಿದರು. ಇನ್ನಷ್ಟು ನಗೆ.

ಕಾಕು ನಗಲಿಲ್ಲ. ತುಪ್ಪದ ಮಿಳ್ಳೆ ಹಿಡಿದು ನಿಂತವರು ಕತ್ತನ್ನು ಪೂರ್ತಿ ಆ ಕಡೆ ತಿರುಗಿಸಿ ನೋಡಿ, "ನೀವು ಅಲ್ಲೆ ಯಾವಾಗ ಬಂದು ಕೂತ್ರಿ?" ಎಂದು ಕೇಳಿದರು.

"ಮೊದಲಿಂದನೂ ಇಲ್ಲೇ ಕೂತೀನಲ್ಲ" ಎಂದರು ಕಾಕಾ.

ಆಗ ನಗು ನಿಂತಿತು.

ಕಾಕು ಕಣ್ಣು ಪರೀಕ್ಷೆಗೆ ಕನ್ನಡಕದ ಅಂಗಡಿಗೆ ಹೋದರು. ಅಲ್ಲಿನವರು ದೊಡ್ಡ ಡಾಕ್ಟರ ಕಡೆಗೆ ಕಳಿಸಿದರು. ಅಪಾಯಿಂಟ್‌ಮೆಂಟ್ ಸಿಕ್ಕ ದಿನ ನಾನು ಆಫೀಸಿನ ಕೆಲಸಕ್ಕೆ ಮೆಲ್ಬರ್ನಿನಲ್ಲೇ ಇದ್ದೆ. ಮಗ ಊರಲ್ಲಿರಲಿಲ್ಲವಾದ್ದರಿಂದ ಇಬ್ಬರನ್ನೂ ನಾನೇ ಕಾರಿನಲ್ಲಿ ಕರೆದುಕೊಂಡು ಹೋದೆ. ದಾರಿಯಲ್ಲಿ ಕಾಕಾ ಎಂದಿನಂತೆ ಟ್ರಿಯರ್‌ನ ಹೊಸ ಬಸ್ ಸ್ಟ್ಯಾಂಡಿನ ವಿಷಯ ಹೇಳುತ್ತಿದ್ದರು. ಕಾಕು ಊಂ ಊಂ ಎನ್ನುತ್ತಿದ್ದರು.

ಅಲ್ಲಿ ಕಾಕುವನ್ನು ಬೋಗುಣಿಯಂಥ ಒಂದು ಮಿಷನ್ನಿನ ಮುಂದೆ ಕೂಡಿಸಿದರು. ನಡುವೆ ನೋಡುತ್ತ ಕೂತಿರಬೇಕು, ಎಲ್ಲಿ ಬೆಳಕಿನ ಚುಕ್ಕಿ ಕಂಡರೂ ಗುಂಡಿ ಒತ್ತಬೇಕು. ನಾವು ಹಿಂದೆ ಕುರ್ಚಿಯಲ್ಲಿದ್ದೆವು. ಗುಂಡಿಯ ಟಕ್ ಶಬ್ದ ಕೇಳುತ್ತಿತ್ತು. ಆಮೇಲೆ ಬಹಳ ಹೊತ್ತು ಕೇಳುತ್ತಿರಲಿಲ್ಲ. ಮತ್ತೆ ಟಕ್ ಎಂದಾಗ ಕಾಕಾ ಉಸಿರು ಬಿಡುತ್ತಿದ್ದರು.

ಡಾಕ್ಟರು ಎಳೆಯ ಹೆಣ್ಣುಮಗಳು, ಬಹಳ ಸಮಾಧಾನದಿಂದ ಮಾತಾಡಿದರು. ಗ್ಲಾಕೋಮಾ ಎಂದರು. ಕಣ್ಣಿನ ನರ ಸದ್ದಿಲ್ಲದೆ ಸೊರಗುತ್ತ ಬರುತ್ತದಂತೆ. ನೋವಿಲ್ಲ, ಕೆಂಪಿಲ್ಲ. ನೋಟ ಅಂಚಿನಿಂದ ಒಳಗೊಳಗೆ ಸರಿಯುತ್ತ ಬರುತ್ತದೆ, ಎದುರಿನದು ಕಾಣುತ್ತಲೇ ಇರುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಹೀಗೆ ಹೇಳಿ ಎರಡು ಹಾಳೆ ಮೇಜಿನ ಮೇಲಿಟ್ಟರು. ಒಂದು ಕನ್ನಡಕದ ಅಂಗಡಿಯಲ್ಲಿ ಎಂದೋ ತೆಗೆದದ್ದು, ಒಂದು ಅಂದಿನದು. ಎರಡರಲ್ಲೂ ಒಂದೊಂದು ದುಂಡನೆಯ ಚಿತ್ರ. ಬಿಳಿಯದು ಕಾಣುವ ಭಾಗ, ಕಪ್ಪನೆಯದು ನೋಟ ಹೋದ ಭಾಗ.

ನನಗೆ ಅದರಲ್ಲಿ ತಲೆಬುಡ ತಿಳಿಯಲಿಲ್ಲ. ಕಾಕಾಗೆ ಯಾರೂ ಏನೂ ಬಿಡಿಸಿ ಹೇಳಬೇಕಾಗಲಿಲ್ಲ. ಕನ್ನಡಕ ಹಾಕಿಕೊಂಡು ಎರಡೂ ಹಾಳೆಗಳನ್ನು ಹತ್ತಿರ ಎಳೆದುಕೊಂಡರು. ಊಟದ ಮೇಜಿನ ಮೇಲೆ ಹೇಗೆ ಬಗ್ಗುತ್ತಾರೋ ಹಾಗೆಯೇ ಬಗ್ಗಿದರು. ಎಡ ಅಂಚಿನಿಂದ ಕಪ್ಪು ಎಲ್ಲಿತ್ತು, ಎಲ್ಲಿಗೆ ಬಂದಿದೆ ಎಂದು ಬೆರಳಿನಲ್ಲಿ ಗೆರೆ ಎಳೆಯುತ್ತ ಹೋದರು. ಆ ಬೆರಳು ಅಷ್ಟು ಮೆಲ್ಲಗೆ ಹೋದದ್ದನ್ನು ನಾನು ನೋಡಿಯೇ ಇರಲಿಲ್ಲ.

ಆಮೇಲೆ ತಲೆಯೆತ್ತಿ ಕನ್ನಡದಲ್ಲೇ ಕೇಳಿದರು, "ಇದರಾಗ ಒಂದಿಂಚರ ವಾಪಸ್ ಬರ್ತದೇನ್ರಿ?"

ಜೀವಮಾನವೆಲ್ಲ ಈ ದೇಶದಲ್ಲಿ ನೌಕರಿ ಮಾಡಿದವರು. ಇಂಗ್ಲಿಷ್ ಮರೆತೇ ಹೋಗಿತ್ತು. ನಾನು ಡಾಕ್ಟರಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಹೋದದ್ದು ತಿರುಗಿ ಬರುವುದಿಲ್ಲ, ಆದರೆ ದಿನಾ ತಪ್ಪದೆ ಔಷಧದ ಹನಿ ಹಾಕಿದರೆ, ಬೇಕಾದರೆ ಮುಂದೆ ಒಂದು ಸಣ್ಣ ಆಪರೇಷನ್ ಮಾಡಿದರೆ, ಇದ್ದಲ್ಲಿಗೇ ನಿಲ್ಲಿಸಲು ಪ್ರಯತ್ನಿಸಬಹುದು ಎಂದರು ಅವರು. ನಾನು ಅದನ್ನು ಕನ್ನಡದಲ್ಲಿ ಹೇಳುವ ಮೊದಲೇ ಕಾಕಾ ನನ್ನ ಕೈ ಹಿಡಿದರು.

"ಹೇಳು ಆಕಿಗೆ. ಹೋದದ್ದು ನಮಗ ಬ್ಯಾಡ. ನಾವು ಕೇಳಂಗಿಲ್ಲ. ಇದ್ದದ್ದಷ್ಟು ಇದ್ದಂಗ ಇರ್ಲಿ. ಇದರ ಮ್ಯಾಲೆ ಈ ಗೆರಿ ಒಳಗ ಬರಬಾರದು, ಅಷ್ಟ ಮಾಡ್ರಿ ಅಂತ ಹೇಳು."

ಯಾರದೋ ದೇಶದ ಗೆರೆಯನ್ನು ಎಲ್ಲಿಂದೆಲ್ಲಿಗೋ ಎಳೆದಾಡಿದ ಮನುಷ್ಯ! ನಾನು ಹೇಳಲೆಂದು ಡಾಕ್ಟರ ಕಡೆ ತಿರುಗಿದೆ. ಡಾಕ್ಟರಿಗೆ ಅರ್ಥವಾಯಿತು ಅನ್ನಿಸುತ್ತದೆ, ಸುಮ್ಮನೆ ಟಿಶ್ಯೂ ಡಬ್ಬಿ ನನ್ನ ಕಡೆ ಸರಿಸಿದರು.

ನಮ್ಮೆಲ್ಲರಿಗಿಂತ ಗಟ್ಟಿಯಾಗಿದ್ದವರು ಕಾಕು. ಕಾರು ಹತ್ತಿದ ಕೂಡಲೆ, "ಆತು ಬಿಡ್ರಿ, ನನ್ನ ಕಣ್ಣೂ ಲಕ್ಸೆಂಬರ್ಗ್ ಆದವು. ಸಣ್ಣದಾದ್ರೇನು, ಚೊಕ್ಕ ಅದಾವ" ಎಂದು ನಕ್ಕರು. ನಾನೂ ನಕ್ಕೆ. ಕಾಕಾ ಕಿಟಕಿಯ ಹೊರಗೆ ನೋಡುತ್ತಿದ್ದರು. ಹೈವೇ ಬಿಟ್ಟು ಕ್ರಾನ್‌ಬರ್ನ್ ಕಡೆ ತಿರುಗಿದಾಗ, ಕಿಟಕಿಯಿಂದ ಮುಖ ತಿರುಗಿಸದೆಯೇ ನನಗೆ ಹೇಳಿದರು.

"ಟಿಕೆಟ್ ಬುಕ್ ಮಾಡು."

"ಎಲ್ಲಿಗೆ ಕಾಕಾ?"

"ಎಲ್ಲಿಗೆ ಅಂದ್ರೇನು? ಲಕ್ಸೆಂಬರ್ಗಿಗೆ."

ಹಿಂದಿನ ಸೀಟಿನಿಂದ ಕಾಕು, "ಅಲ್ಲೆ ಹಳೇ ಗಡಿನ ಅದರೀ ಮತ್ತ" ಎಂದರು.

"ಇರ್ಲಿ. ಹೆಂಗದನೋ ಹಂಗ ತೋರಸ್ತೀನಿ" ಎಂದರು ಕಾಕಾ.

ಡಾಕ್ಟರ ಅಪ್ಪಣೆ ಸಿಕ್ಕಿತು. ಹೊರಡುವವರೆಗೆ ಹನಿ ಹಾಕುವ ಕೆಲಸ ಕಾಕಾ ಯಾರಿಗೂ ಬಿಡಲಿಲ್ಲ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಗಡಿಯಾರ ನೋಡಿಕೊಂಡು, ಗಡಿ ಕಾಯುವ ಸಿಪಾಯಿಯ ಶಿಸ್ತಿನಲ್ಲಿ ಬಾಟಲಿ ಹಿಡಿದು ಬರುತ್ತಿದ್ದರಂತೆ. ಒಂದು ಹನಿ ಕೆನ್ನೆ ಮೇಲೆ ಬಿದ್ದರೆ ತಮ್ಮ ಕೈಯನ್ನೇ ಬೈದುಕೊಳ್ಳುತ್ತಿದ್ದರಂತೆ. "ನಾ ಮದಿವ್ಯಾದಾಗಿಂದ ಇವರು ನನ್ನ ಕಣ್ಣಾಗ ಕಣ್ಣಿಟ್ಟು ನೋಡಿದ್ದು ಇದ ಮೊದಲ" ಎಂದು ಕಾಕು ಫೋನಿನಲ್ಲಿ ಮಗುವಿನಂತೆ ಕಿಲಕಿಲ ನಕ್ಕರು.

ಅವರು ಹೊರಟ ದಿನ ನಾನು ರಜೆ ಹಾಕಿ ಮೆಲ್ಬರ್ನಿಗೆ ಹೋಗಿದ್ದೆ. ಏರ್‌ಪೋರ್ಟಿನಲ್ಲಿ ವಿಪರೀತ ಗದ್ದಲ. ಗಂಡ ಹೆಂಡತಿ ಜೊತೆಯಾಗಿ ನಡೆಯುವ ರೂಢಿ ನಮ್ಮ ಕಡೆಯ ಹಿರಿಯರಲ್ಲಿ ಇಲ್ಲವಲ್ಲ, ಕಾಕಾ ಮುಂದೆ, ಹತ್ತು ಹೆಜ್ಜೆ ಹಿಂದೆ ಕಾಕು, ಕಾಕುವಿನ ಬಲಗಡೆ ನಾನು. ಎಡಗಡೆಯಿಂದ ಯಾರೋ ಸಾಮಾನಿನ ಟ್ರಾಲಿ ತಳ್ಳಿಕೊಂಡು ಜೋರಾಗಿ ಬಂದರು. ಕಾಕುವಿಗೆ ಅದು ಕಾಣಲಿಲ್ಲ. ಟ್ರಾಲಿ ಸೀರೆಗೆ ತಗುಲಿತು, ಅವರು ಜೋಲಿ ತಪ್ಪಿ ನನ್ನ ಮೇಲೆ ಬಿದ್ದು, ಸಾವರಿಸಿಕೊಂಡು ನಿಂತರು.

ಕಾಕಾ ತಿರುಗಿ ನೋಡಿದರು. ಬ್ಯಾಗನ್ನು ಅಲ್ಲೇ ಬಿಟ್ಟು ವಾಪಸ್ ಬಂದರು. ಕಾಕುವಿನ ಹಿಂದಿನಿಂದ ಸುತ್ತಿ ಹಾಯ್ದು, ಎಡಗಡೆ ಬಂದು ನಿಂತರು.

"ಮುಂದ ನಡೀರಿ ನೀವು, ಬರ್ತೀನಿ ನಾ" ಎಂದರು ಕಾಕು, ಅವರು ಎಲ್ಲಿದ್ದಾರೆ ಎಂದು ಕತ್ತು ಹೊರಳಿಸಿ ಹುಡುಕುತ್ತ.

"ನೀ ಮುಂದ ನೋಡ್ಕೋತ ನಡಿ" ಎಂದು ಕಾಕಾ ಅವರ ಎಡಗೈ ಹಿಡಿದುಕೊಂಡರು. "ಈ ಕಡಿದೆಲ್ಲಾ ಇನ್ನ ನಂದು."